ಹತ್ತಕ್ಕೆ ಹನ್ನೊಂದು ಕಿಲೋಮೀಟರು

ಗೇಟಿನ ಹೊರಗೆ ಗಾಡಿ ನಿಲ್ಲಿಸಿ ನಾನು ಮೊದಲು ನೆಲ ನೋಡಿದೆ. ಮನೆಯ ಪಕ್ಕದ ತಗಡಿನ ಚಪ್ಪರದ ಕೆಳಗೆ ಎಂಜಿನ್ ಎಣ್ಣೆ ತೊಟ್ಟಿಕ್ಕಿ ತೊಟ್ಟಿಕ್ಕಿ ಮಣ್ಣು ಕಪ್ಪಗೆ ಗಟ್ಟಿಯಾಗಿತ್ತು. ಒಂದೇ ಗಾಡಿ ಒಂದೇ ಜಾಗದಲ್ಲಿ ಬಹಳ ಕಾಲ ನಿಂತರೆ ನೆಲ ಹಾಗಾಗುತ್ತದೆ. ಅದರ ಮೇಲೆ ಟಾರ್ಪಾಲು ಹೊದೆಸಿದ ಗಾಡಿ. ಟಾರ್ಪಾಲಿನ ಅಂಚಿನಲ್ಲಿ ಫಿಯಾಟಿನ ಚಕ್ರ ಕಾಣುತ್ತಿತ್ತು.

“ಅದೇನಾ, ಗೋಷ್ಠದಾ?” ಹಿಂದಿನ ಸೀಟಿನಿಂದ ಕನಿಕಾ ದಿದಿಮಣಿ ಕೇಳಿದರು.

“ಇಳಿದು ನೋಡದೆ ಹೇಳೋಕಾಗಲ್ಲ.”

“ನಲವತ್ತು ವರ್ಷ ಗಾಡಿ ಓಡಿಸಿದೋರು. ವಾಸನೆ ಹಿಡಿದೇ ಹೇಳಿಬಿಡ್ತೀರ ಅಂದ್ಕೊಂಡಿದ್ದೆ.”

“ಮೂಗು ಕಟ್ಟಿದೆ, ದಿದಿಮಣಿ.”

ನಿಜಕ್ಕೂ ಕಟ್ಟಿತ್ತು. ಮಾಘದ ಚಳಿ. ಬೆಳಿಗ್ಗೆ ಒಂಬತ್ತಾದರೂ ಸಿಮುಲತಲಾದ ಶಾಲ ಮರಗಳ ಮೇಲಿನ ಮಂಜು ಬಿಟ್ಟಿರಲಿಲ್ಲ. ಹಿಂದಿನ ದಿನ ಕಲ್ಕತ್ತೆ ಬಿಟ್ಟು, ಬಾಂಕುಡಾದಲ್ಲಿ ಟುಸುವನ್ನು ಹತ್ತಿಸಿಕೊಂಡು, ದೇವಘರದ ಧರ್ಮಶಾಲೆಯಲ್ಲಿ ಬೆನ್ನು ಚಾಚಿ, ಮತ್ತೆ ಎದ್ದು ಬಂದಿದ್ದೆವು. ಸೊಂಟದಿಂದ ಕೆಳಗೆ ನನಗೆ ಮೈ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅರವತ್ತೆಂಟರ ಮೈಯನ್ನು ಇಷ್ಟು ದೂರ ಎಳೆದುಕೊಂಡು ಬರಬಾರದು. ಆದರೆ ಬೇರೆ ದಿನ ಉಳಿದಿರಲಿಲ್ಲ.

ಟುಸು ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದಳು. ಮಡಿಲಲ್ಲಿ ಮಂಡಕ್ಕಿಯ ಗಂಟು. ಅವಳ ಅಪ್ಪ ರುಹಿದಾಸ್ ಬಾಉರಿ ಬಾಂಕುಡಾ ಜೈಲಿಗೆ ಹೋಗಿ ಎರಡು ವರ್ಷ ಎರಡು ತಿಂಗಳಾಗಿತ್ತು. ಸೋಮವಾರ ಹನ್ನೊಂದು ಗಂಟೆಗೆ ತೀರ್ಪು. ಅವತ್ತು ಭಾನುವಾರ.

ಕೇಸು ದೊಡ್ಡದೇನೂ ಇರಲಿಲ್ಲ. ಶ್ರೀರಾಮಪುರದ ಭೂಗೋಳದ ಮೇಷ್ಟ್ರು ಅನಾದಿಚರಣ ಕುಂಡು ಶನಿವಾರ, ಭಾನುವಾರ ಎರಡು ದಿನ ಕಳೆಯಲು ತಮ್ಮ ಫಿಯಾಟಿನಲ್ಲಿ ಕುಸುಮಟಿಕ್ರಿಯ ಕಾಡಿನ ಬಂಗಲೆಗೆ ಹೋದರು. ಮರಳಲಿಲ್ಲ. ಗಾಡಿಯೂ ಇಲ್ಲ, ಹೆಣವೂ ಇಲ್ಲ. ಬಾವಿಯ ಹಿಂದೆ ಎಲೆಗುಪ್ಪೆಯಲ್ಲಿ ರಕ್ತ ಅಂಟಿದ ಅವರ ಶಾಲು ಸಿಕ್ಕಿತು. ಬಂಗಲೆಯ ಕಾವಲುಗಾರ ರುಹಿದಾಸನ ಗುಡಿಸಲಲ್ಲಿ ಅವರ ಕೈಗಡಿಯಾರ ಸಿಕ್ಕಿತು. ಪೊಲೀಸರಿಗೆ ಅಷ್ಟು ಸಾಕಾಯಿತು. ರುಹಿದಾಸ್ “ಬಾಬು ಹೊರಟುಹೋದ್ರು” ಎಂದು ಒಂದು ಸಲ ಹೇಳಿದ. ಆಮೇಲೆ ಬಾಯಿ ಬಿಡಲೇ ಇಲ್ಲ. ವಕೀಲರಿಗೂ ಇಲ್ಲ, ಮಗಳಿಗೂ ಇಲ್ಲ.

ಆ ಬಂಗಲೆ ಪುಸ್ತಕಕ್ಕೆ ಸೇರಿದ್ದು ನನ್ನಿಂದ.

‘ಎರಡು ದಿನದ ರಜೆ’ ಎಂಬ ಆ ಪ್ರವಾಸದ ಪುಸ್ತಕ ಇಲ್ಲದ ಮನೆ ನಮ್ಮ ಕಡೆ ಕಡಿಮೆ. ಗುರುವಾರದಿಂದಲೇ ಅದು ಊಟದ ಮೇಜಿನ ಮೇಲೆ ಬಿದ್ದಿರುತ್ತದೆ. ಶುಕ್ರವಾರ ಜಗಳ, ಬೆಟ್ಟವೋ ಸಮುದ್ರವೋ ಎಂದು. ಶನಿವಾರ ನಸುಕಿಗೆ ಪೂರಿ-ಆಲೂ ಡಬ್ಬಿ, ಫ್ಲಾಸ್ಕು, ಮಂಕಿ ಟೋಪಿ ಎಲ್ಲ ಹೊತ್ತು ಮನೆಮಂದಿ ಗಾಡಿ ಹತ್ತುತ್ತಾರೆ. ಮನೆಯ ಯಜಮಾನ ಮುಂದಿನ ಸೀಟಿನಲ್ಲಿ ಪುಸ್ತಕ ಬಿಚ್ಚಿಕೊಂಡು ಡ್ರೈವರಿಗೆ ದಾರಿ ಹೇಳುತ್ತಾನೆ. ಪುಸ್ತಕದಲ್ಲಿ ಎಡಕ್ಕೆ ಅಂತಿದೆ ಅನ್ನುತ್ತಾನೆ. ಎಡಕ್ಕೆ ಕೆರೆ ಇದೆ ಬಾಬು ಅಂದರೂ, ಪುಸ್ತಕದಲ್ಲಿ ಎಡಕ್ಕೇ ಇದೆ ಅನ್ನುತ್ತಾನೆ. ಅಂಥವರನ್ನು ನಾನು ಎಷ್ಟು ನೋಡಿದ್ದೇನೋ.

ಪುಸ್ತಕ ಬರೆದ ಭಾದುರಿಮಶಾಯ್ ಅವರನ್ನು ಇಪ್ಪತ್ತೆರಡು ವರ್ಷ ನಾನೇ ಸುತ್ತಿಸಿದ್ದೆ. ಎಲ್ಲಿ ನಿಲ್ಲಬಹುದು, ಯಾರ ಕೈಯಡುಗೆ ಉಣ್ಣಬಹುದು ಎಂದು ನನ್ನನ್ನು ಕೇಳಿಯೇ ಬರೆಯುತ್ತಿದ್ದರು. ಕುಸುಮಟಿಕ್ರಿಯ ಪುಟದಲ್ಲಿ ‘ಕಾವಲುಗಾರ ರುಹಿದಾಸ್ ಬಾಉರಿ, ನಂಬಬಹುದಾದ ಮನುಷ್ಯ’ ಎಂದಿದೆ. ಆ ಮಾತು ನಾನು ಹೇಳಿದ್ದು. ಮೂರನೇ ಕ್ಲಾಸು ಓದಿದವನ ಮಾತು ಅಚ್ಚಾಗಿದ್ದು ಅದೊಂದೇ.

ಭಾದುರಿಮಶಾಯ್ ತೀರಿಕೊಂಡ ಮೇಲೆ ಪುಸ್ತಕ ನೋಡಿಕೊಳ್ಳುತ್ತಿರುವವರು ಕನಿಕಾ ದಿದಿಮಣಿ. ಅದೇ ಪ್ರಕಾಶಕರಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿದವರು. ಉಬ್ಬಸ. ಈ ಪ್ರಯಾಣದ ತನಕ ಬರ್ದವಾನಿನ ಆಚೆ ಜೀವಮಾನದಲ್ಲಿ ಹೋದವರಲ್ಲ. ಆದರೆ ಬಂಗಾಳದ ಯಾವ ತಿರುವಿನಲ್ಲಿ ಚಹಾದ ಅಂಗಡಿ ಇದೆ ಎಂದು ಬಾಯಿಪಾಠ ಹೇಳುತ್ತಾರೆ.

ಓದುಗರು ಬರೆದು ಕಳಿಸುವ ತಪ್ಪುಒಪ್ಪುಗಳನ್ನು ನೋಡುವುದು ಅವರ ಕೆಲಸ. ತಪ್ಪು ತೋರಿಸಿದವರ ಹೆಸರು ಹೊಸ ಆವೃತ್ತಿಯ ಕೊನೆಯ ಪುಟದಲ್ಲಿ ಬರುತ್ತದೆ. ಒಂದು ಪ್ರತಿ ಅಂಚೆಯಲ್ಲಿ ಉಚಿತವಾಗಿ ಹೋಗುತ್ತದೆ. ಅದಕ್ಕಾಗಿ ಬಂಗಾಳಿಗಳು ಏನು ಬೇಕಾದರೂ ಮಾಡುತ್ತಾರೆ. ಒಂದು ಫರ್ಲಾಂಗು ಹೆಚ್ಚಿದೆ ಎಂದು ನಾಲ್ಕು ಪುಟ ಬರೆದವರಿದ್ದಾರೆ.

ಅನಾದಿಬಾಬು ಹಾಗೆ ಹದಿನಾಲ್ಕು ವರ್ಷ ಬರೆದರು. ಅವರ ಅಳತೆ ಯಾವತ್ತೂ ಹತ್ತಕ್ಕೆ ಹನ್ನೊಂದು. ಪುಸ್ತಕದಲ್ಲಿ ಇಪ್ಪತ್ತು ಇದ್ದರೆ ಅವರು ಇಪ್ಪತ್ತೆರಡು ಅನ್ನುತ್ತಿದ್ದರು, ಮೂವತ್ತಿದ್ದರೆ ಮೂವತ್ತಮೂರು. ಕಾರಣವನ್ನು ಹೋದ ವಾರ ಶ್ರೀರಾಮಪುರದ ಮೆಕ್ಯಾನಿಕ್ ಹೇಳಿದ. ಆ ಫಿಯಾಟಿನಲ್ಲಿ ಗೇರ್‌ಬಾಕ್ಸಿನಿಂದ ಕಿಲೋಮೀಟರು ತೋರಿಸುವ ಮೀಟರಿಗೆ ಹೋಗುವ ಕೇಬಲ್ಲಿನ ತುದಿಗೆ ಬೇರೆ ಯಾವುದೋ ಗಾಡಿಯ ಹಲ್ಲುಚಕ್ರ ಹಾಕಿತ್ತಂತೆ. ಬದಲಾಯಿಸುತ್ತೇನೆ ಅಂದರೆ ಅನಾದಿಬಾಬು ಬಿಡಲಿಲ್ಲವಂತೆ. ನನ್ನ ಮೀಟರ್ ಸರಿಯಾಗಿದೆ, ಸರ್ಕಾರದ ಮೈಲಿಗಲ್ಲೇ ತಪ್ಪು ಅಂದರಂತೆ.

ಈಗ ಒಂದು ವರ್ಷದಿಂದ ಸಿಮುಲತಲಾದ ಶ್ರೀನಾಥ ಸರ್ಖೇಲ್ ಎಂಬುವರಿಂದ ಮೂರು ಕಾಗದ ಬಂದಿದ್ದವು. ಮೂರರಲ್ಲೂ ಹತ್ತಕ್ಕೆ ಹನ್ನೊಂದು. ಕೆಳಗೆ ಪೂರ್ತಿ ವಿಳಾಸ. ಪುಸ್ತಕದ ಪ್ರತಿ ಬೇಕಲ್ಲ!

ವಕೀಲರು ಕೇಳಿ ನಕ್ಕಿದ್ದರು. “ಜಡ್ಜ್ ಮುಂದೆ ಚಕ್ರದ ಹಲ್ಲು ಎಣಿಸೋಕಾಗುತ್ತಾ, ದಿದಿ? ಗಾಡಿ ಕದ್ದೋನು ಓಡಿಸ್ತಿದಾನೆ ಅಂತಾರೆ. ಮನುಷ್ಯನ್ನ ತನ್ನಿ.”

ಮನುಷ್ಯನನ್ನು ತರಲು ಬಂದಿದ್ದೆವು.

“ನೀನು ಗಾಡಿಯಲ್ಲೇ ಇರು, ಮಾ,” ಎಂದರು ದಿದಿಮಣಿ ಟುಸುವಿಗೆ. “ಅಳೋದು ಗಿಳೋದು ಶುರುವಾದ್ರೆ ಕೆಲಸ ಕೆಡುತ್ತೆ.”

“ನಾನ್ಯಾಕೆ ಅಳಲಿ? ಅತ್ತು ಮುಗಿದಿದೆ,” ಎಂದಳು ಟುಸು.

ಬಾಗಿಲು ತೆರೆದವರು ಸಣಕಲು ಮನುಷ್ಯ. ಮಂಕಿ ಟೋಪಿ, ಮೊಣಕೈಗೆ ತೇಪೆ ಹಾಕಿದ ಸ್ವೆಟರ್, ಬಿಳಿ ಗಡ್ಡ. ಕೈಯಲ್ಲಿ ಪೆನ್ಸಿಲ್. ಅನಾದಿಬಾಬುವಿನ ಹೆಂಡತಿ ಕೊಟ್ಟ ಫೋಟೋದಲ್ಲಿ ಗಡ್ಡ ಇರಲಿಲ್ಲ. ಕೆನ್ನೆ ತುಂಬಿಕೊಂಡಿತ್ತು. ಹೌದು ಎಂದೂ ಹೇಳುವಂತಿರಲಿಲ್ಲ, ಅಲ್ಲ ಎಂದೂ ಹೇಳುವಂತಿರಲಿಲ್ಲ.

“ಯಾರು ಬೇಕಿತ್ತು?”

“ಶ್ರೀನಾಥ ಸರ್ಖೇಲ್ ಅವರು?”

“ನಾನೇ.”

“ಪುಸ್ತಕದ ಆಫೀಸಿಂದ ಬಂದಿದೀವಿ. ನಿಮ್ಮ ಪ್ರತಿ.”

ಮುಖ ಅರಳಿತು. ಒಳಗೆ ಬನ್ನಿ ಅನ್ನುವುದನ್ನೂ ಮರೆತರು. ಎರಡೂ ಕೈಯನ್ನು ಸ್ವೆಟರಿಗೆ ಒರೆಸಿಕೊಂಡು ಪುಸ್ತಕ ತೆಗೆದುಕೊಂಡು ನೇರವಾಗಿ ಕೊನೆಯ ಪುಟ ಬಿಚ್ಚಿದರು. ಬೆರಳು ಹೆಸರುಗಳ ಮೇಲೆ ಇಳಿಯುತ್ತಾ ಹೋಗಿ ಒಂದು ಕಡೆ ನಿಂತಿತು. ಅಲ್ಲೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಸರಸರ ಹಿಂದಕ್ಕೆ ತಿರುವಿದರು. ಹುಬ್ಬು ಗಂಟಾಯಿತು.

“ಏನಿದು? ಇಲ್ಲಿ ಇಪ್ಪತ್ತು ಅಂತಲೇ ಬಿಟ್ಟಿದೀರಿ. ನಾನು ಇಪ್ಪತ್ತೆರಡು ಅಂತ ಬರೆದಿದ್ದೆ.”

“ನಮ್ಮ ಗೋಷ್ಠದಾ ಅಳೆದ್ರು. ಇಪ್ಪತ್ತೇ ಬಂತು.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಯಾವ ಗಾಡಿ?”

“ಅಂಬಾಸಡರ್, ಬಾಬು.”

“ಅದರ ಮೀಟರ್ ಕೆಟ್ಟಿದೆ. ಮಾಡಿಸ್ಕೊಳ್ಳಿ.”

“ಆಗಲಿ, ಬಾಬು. ಚಪ್ಪರದಲ್ಲಿರೋದು ನಿಮ್ಮದಾ?”

“ಹಳೇದು. ಹೀಗೇ ಒಬ್ಬರ ಹತ್ರ ಕೊಂಡಿದ್ದು,” ಎಂದರು. ನನ್ನ ಮುಖ ನೋಡಲಿಲ್ಲ.

ಒಳಗೆ ಎರಡು ಬೆತ್ತದ ಕುರ್ಚಿ, ಒಂದು ಮಂಚ. ಗೋಡೆಯ ತುಂಬ ಕೈಯಲ್ಲಿ ಬಿಡಿಸಿದ ರಸ್ತೆಗಳು. ಪ್ರತಿ ರಸ್ತೆಯ ಮೇಲೂ ಪೆನ್ಸಿಲಿನ ಅಂಕಿ. ದಿದಿಮಣಿ ಕುರ್ಚಿಯಲ್ಲಿ ಕೂತು ಉಸಿರು ಸುಧಾರಿಸಿಕೊಂಡರು. ಚೀಲದಿಂದ ಒಂದು ಹಾಳೆ ತೆಗೆದು ಕನ್ನಡಕ ಏರಿಸಿದರು.

“ಸರ್ಖೇಲ್‌ಬಾಬು, ಹೇಗೂ ಬಂದಿದೀವಿ, ಒಂದು ಉಪಕಾರ ಮಾಡಿ. ಮುಂದಿನ ಆವೃತ್ತಿಗೆ ಒಂದು ಪುಟ ಮತ್ತೆ ಬರೀಬೇಕಿತ್ತು. ಕುಸುಮಟಿಕ್ರಿ. ನೀವು ಆ ಕಡೆ ಹೋಗಿದೀರಾ?”

“ಇಲ್ಲ.” ತಟ್ಟನೆ ಬಂತು. “ನಾನು ಆ ಕಡೆ ಕಾಲೇ ಇಟ್ಟಿಲ್ಲ.”

“ಪರವಾಗಿಲ್ಲ. ಓದ್ತೀನಿ, ಬರವಣಿಗೆ ಹೇಗಿದೆ ಅಂತ ಮಾತ್ರ ಹೇಳಿ.”

ದಿದಿಮಣಿ ಓದತೊಡಗಿದರು. ಪ್ರೂಫ್ ಓದುವ ದನಿ, ಏರಿಳಿತವಿಲ್ಲದ್ದು. “ಸಂತೆಯ ಮೈದಾನ ದಾಟಿ ಕಾಡಿನ ದಾರಿ ಹಿಡಿದರೆ ಎರಡು ಸೇತುವೆ ಸಿಗುತ್ತವೆ.”

ಅವರ ಪೆನ್ಸಿಲ್ ಕುರ್ಚಿಯ ಕೈಯ ಮೇಲೆ ಒಮ್ಮೆ ತಟ್ಟಿತು.

“ಬಂಗಲೆಗೆ ಎರಡು ಕೋಣೆ. ವರಾಂಡ ಪೂರ್ವಕ್ಕೆ ಮುಖ ಮಾಡಿದೆ. ಕೂತು ಸೂರ್ಯೋದಯ ನೋಡಬಹುದು.”

ಪೆನ್ಸಿಲ್ ಎರಡು ಸಲ ತಟ್ಟಿತು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

“ಹಿತ್ತಲಲ್ಲಿ ನಾಲ್ಕು ಹಿಪ್ಪೆ ಮರ. ಬಾವಿ ಅಡುಗೆಮನೆಯ ಬಲಕ್ಕೆ...”

“ಎಡಕ್ಕೆ.”

ದಿದಿಮಣಿ ಹಾಳೆಯಿಂದ ಕಣ್ಣೆತ್ತಲಿಲ್ಲ.

“ಬಾವಿ ಎಡಕ್ಕೆ! ವರಾಂಡ ಪಶ್ಚಿಮಕ್ಕೆ. ಅಲ್ಲಿ ಕೂತು ಸೂರ್ಯೋದಯ ನೋಡ್ತಾರಂತೆ! ಸೇತುವೆ ಮೂರು. ನಡುವಿನದು ಚಿಕ್ಕದು ಅಂತ ಯಾರೂ ಎಣಿಸಲ್ಲ. ಹಿಪ್ಪೆ ಮರ ಐದು. ಯಾವ ಕತ್ತೆ ಬರೆದದ್ದು ಇದನ್ನ?”

“ನಾನೇ,” ಎಂದರು ದಿದಿಮಣಿ. “ನಿನ್ನೆ ಗಾಡೀಲಿ ಕೂತು ಬರೆದೆ. ಎಲ್ಲಾ ತಪ್ಪಾಗಿ ಬರೆಯೋದು ಎಷ್ಟು ಕಷ್ಟ ಗೊತ್ತಾ, ಅನಾದಿಬಾಬು?”

ಪೆನ್ಸಿಲ್ ಅವರ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ಬಗ್ಗಿದರೆ ಮತ್ತೆ ಏಳಬೇಕಲ್ಲ ಎಂದು ನಾನು ಬಗ್ಗಲಿಲ್ಲ.

ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ನನ್ನ ಹೆಂಡತಿ ಕಳಿಸಿದ್ಲಾ?”

“ಇಲ್ಲ. ಅವರು ಬಿಳಿ ಸೀರೆ ಉಟ್ಟು ಎರಡು ವರ್ಷ ಆಯ್ತು.”

“ಬಿಳಿ ಸೀರೆಯಾ? ಯಾಕೆ? ನಾನೇನು ಸತ್ತಿದೀನಾ?”

“ಊರವರ ಲೆಕ್ಕದಲ್ಲಿ ಸತ್ತಿದೀರಿ. ನಿಮ್ಮ ಶ್ರಾದ್ಧಕ್ಕೆ ಶಾಲೆಯವರೆಲ್ಲ ಬಂದಿದ್ರಂತೆ. ನಿಮಗೆ ಪೇಪರ್ ಓದೋ ಅಭ್ಯಾಸ ಇಲ್ವಾ?”

“ಅದರಲ್ಲಿ ಒಂದಾದ್ರೂ ಸರಿ ಇರುತ್ತಾ?”

ದಿದಿಮಣಿಗೆ ನಗು ಬಂದಿತ್ತು. ನಗಲು ಹೋಗಿ ಕೆಮ್ಮಿದರು. ನಾನು ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟೆ.

“ಮಾಸ್ಟರ್‌ಮಶಾಯ್, ಯಾಕೆ ಹೀಗೆ ಮಾಡಿದ್ರಿ?”

“ದಣಿವಾಗಿತ್ತು,” ಎಂದರು ಅನಾದಿಬಾಬು. “ಮೂವತ್ತೊಂದು ವರ್ಷ ಅವೇ ನದಿಗಳ ಹೆಸರು ಹೇಳಿದೆ. ಹುಡುಗರು ಕೇಳಲಿಲ್ಲ. ಮನೆಗೆ ಹೋದ್ರೆ ಅಲ್ಲೂ ಕೇಳೋರಿರಲಿಲ್ಲ. ಶನಿವಾರ ಪುಸ್ತಕ ಹಿಡಿದು ಗಾಡಿ ಹತ್ತಿದಾಗ ಮಾತ್ರ ನಾನೊಬ್ಬ ಮನುಷ್ಯ ಅನ್ನಿಸ್ತಿತ್ತು. ಭಾನುವಾರ ಮಧ್ಯಾಹ್ನ ಆಯ್ತು ಅಂದ್ರೆ ಹೊಟ್ಟೆ ತೊಳೆಸೋದು, ನಾಳೆ ಮತ್ತೆ ಅದೇ ಅಂತ. ಒಂದು ಸಲ ಹಿಂದಿರುಗಲಿಲ್ಲ, ಅಷ್ಟೇ.”

“ಎಲ್ಲರಿಗೂ ಹೊಟ್ಟೆ ತೊಳೆಸುತ್ತೆ. ಆದ್ರೂ ಎಲ್ಲರೂ ಸೋಮವಾರ ಎದ್ದು ಕೆಲಸಕ್ಕೆ ಹೋಗ್ತೀವಿ,” ಎಂದರು ದಿದಿಮಣಿ. ಕೋಪದಿಂದ ಹೇಳಲಿಲ್ಲ. “ನೀವು ಹೋಗಲಿಲ್ಲ. ನಿಮ್ಮ ಬದಲು ರುಹಿದಾಸ್ ಜೈಲಿಗೆ ಹೋದ. ನಾಳೆ ತೀರ್ಪು. ನಿಮ್ಮ ಕೊಲೆ ಕೇಸು.”

ಅವರು ತಲೆಯೆತ್ತಿದರು. “ಯಾರ ಕೊಲೆ?”

“ನಿಮ್ಮದು.”

“ನನ್ನ ಕೊಲೆಗಾ? ರುಹಿದಾಸನ್ನ ನನ್ನ ಕೊಲೆಗೆ ಹಿಡಿದಿದಾರಾ?”

ಆ ‘ನನ್ನ’ ಎಂಬುದನ್ನು ಅವರು ಒತ್ತಿ ಹೇಳಿದ್ದು ನನ್ನ ಕಿವಿಗೆ ಬಿತ್ತು. ತಲೆಗೆ ಹೋಗಲಿಲ್ಲ. ಸಿಕ್ಕಿದರಲ್ಲ ಎಂಬುದೊಂದೇ ಆಗ ತಲೆಯಲ್ಲಿ. ಬದುಕಿರುವ ಮನುಷ್ಯ, ಉಸಿರಾಡುವ ಮನುಷ್ಯ, ನಾಳೆ ಕಟಕಟೆಗೆ ಹತ್ತಿಸಿದರೆ ಮುಗಿಯಿತು.

“ಬರ್ತೀರಾ?” ಎಂದು ನಾನೇ ಕೇಳಿದೆ. “ಈಗ ಹೊರಟ್ರೆ ಸಂಜೆಗೆ ಬಾಂಕುಡಾ.”

ಅವರು ಗೋಡೆಯ ರಸ್ತೆಗಳನ್ನು ನೋಡುತ್ತಾ ನಿಂತರು. ನಾನು ಅವಸರ ಮಾಡಲಿಲ್ಲ. ಗಿರಾಕಿ ಮನೆ ಬೀಗ ಹಾಕುವ ತನಕ ಕಾಯುವುದು ನನಗೆ ರೂಢಿ.

“ತಪ್ಪು ಅಂತ ಗೊತ್ತಾದ ಮೇಲೆ ತಿದ್ದದೆ ಬಿಡೋಕೆ ನನ್ನಿಂದಾಗಲ್ಲ,” ಎಂದರು ಕೊನೆಗೆ. “ಬರ್ತೀನಿ.”

ಅವರು ಬಟ್ಟೆ ತುಂಬಿಕೊಳ್ಳುವಾಗ ನಾನು ಚಪ್ಪರಕ್ಕೆ ಹೋಗಿ ಟಾರ್ಪಾಲು ಎತ್ತಿ ನೋಡಿದೆ. ಹಸಿರು ಬಣ್ಣ. ಬಾಗಿಲ ಸಂದಿಯಲ್ಲಿ ಉಗುರಿನಿಂದ ಕೆರೆದರೆ ಕೆಳಗೆ ಬೂದು. ಶ್ರೀರಾಮಪುರದ ಫಿಯಾಟ್ ಬೂದು ಬಣ್ಣದ್ದು.

ಅನಾದಿಬಾಬು ಕೈಚೀಲ ಹಿಡಿದು ಹೊರಗೆ ಬಂದಾಗ ಟುಸು ಗಾಡಿಯಿಂದ ಇಳಿದಳು. ಅವರ ಮುಖವನ್ನು ನೋಡಿದಳು, ನೋಡಿದಳು. ಆಮೇಲೆ ಬಗ್ಗಿ ಕಾಲು ಮುಟ್ಟಿದಳು.

“ಬದುಕಿದೀರಲ್ಲ, ಬಾಬು.”

“ಬದುಕಿರು, ಮಾ, ಬದುಕಿರು,” ಎಂದು ಅವರು ಗಲಿಬಿಲಿಯಿಂದ ಅವಳ ತಲೆ ಮುಟ್ಟಿದರು. ದಿದಿಮಣಿಗೆ ಹೇಳಿದರು, “ಒಳ್ಳೇ ಹುಡುಗಿ. ನಿಮ್ಮ ಮನೆ ಕೆಲಸದವಳಾ?”

ದಿದಿಮಣಿ ಆಗಲೇ ಹಿಂದಿನ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದರು. ಹೂಂ ಅಂದರೋ, ಉಸಿರು ಬಿಟ್ಟರೋ. ನಾನು ಡಿಕ್ಕಿ ಮುಚ್ಚುತ್ತಿದ್ದೆ. ಇವಳು ರುಹಿದಾಸನ ಮಗಳು ಎಂದು ಯಾರೂ ಹೇಳಲಿಲ್ಲ. ಎಲ್ಲರಿಗೂ ಸುಸ್ತಾಗಿತ್ತು, ಹೊರಡುವ ಅವಸರವಿತ್ತು. ಒಂದು ಮಾತು. ಹೇಳಿದ್ದರೆ ಆಗುತ್ತಿತ್ತು.

ಜಸಿಡಿ ದಾಟಿದೆವು. ಬಿಸಿಲು ಏರಿ ಗಾಜಿನ ಮೇಲಿನ ಮಂಜು ಹೋಯಿತು. ಟುಸು ಗಂಟು ಬಿಚ್ಚಿ ಮಂಡಕ್ಕಿಗೆ ಹಸಿಮೆಣಸಿನಕಾಯಿ, ಈರುಳ್ಳಿ, ಒಂದಿಷ್ಟು ಸಾಸಿವೆ ಎಣ್ಣೆ ಬೆರೆಸಿ ಎಲೆಯಲ್ಲಿ ಹಾಕಿ ಹಿಂದಕ್ಕೆ ಕೊಟ್ಟಳು. ನನಗೂ ಕೊಟ್ಟಳು.

“ಅಪ್ಪನಿಗೆ ಅಂತ ತಂದಿದ್ದೆಯಲ್ಲ?” ಎಂದು ಮೆಲ್ಲಗೆ ಕೇಳಿದೆ.

“ನಾಳೆ ಮನೇಲೇ ಅನ್ನ ಉಣ್ತಾನೆ. ಮಂಡಕ್ಕಿ ಯಾಕೆ?” ಎಂದಳು. ಎರಡು ದಿನದಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಆಮೇಲೆ ಮಾತು ನಿಲ್ಲಲೇ ಇಲ್ಲ, ಎಂಜಿನ್ ಸದ್ದಿನಲ್ಲಿ ಹಿಂದಿನ ಸೀಟಿಗೆ ಕೇಳದಷ್ಟು ಮೆಲ್ಲಗೆ. “ಕಾಕಾ, ನಾಳೇನೇ ಬಿಡ್ತಾರಾ? ಕಾಗದ ಗೀಗದ ಅಂತ ಇನ್ನೂ ನಾಲ್ಕು ದಿನ ಎಳೀತಾರಾ?”

“ಎಳೆದ್ರೂ ನಾಲ್ಕು ದಿನ ತಾನೆ.”

“ಮನೆ ಚಾವಣಿ ಹುಲ್ಲು ಹೋಗಿದೆ. ಬಂದ ತಕ್ಷಣ ಬೈತಾನೆ, ನೋಡ್ತಿರಿ. ಹೊದೆಸೋಕಾಗಲಿಲ್ವಾ ಅಂತ.”

“ಬೈಸ್ಕೋ.”

“ಬೈಸ್ಕೋತೀನಿ. ಎಷ್ಟು ಬೇಕಾದ್ರೂ ಬೈಲಿ.”

ಕನ್ನಡಿಯಲ್ಲಿ ಅನಾದಿಬಾಬು ಕಾಣುತ್ತಿದ್ದರು. ಮಂಡಕ್ಕಿ ಪಕ್ಕಕ್ಕಿಟ್ಟು ಹೊಸ ಪುಸ್ತಕದ ಅಂಚಿನಲ್ಲಿ ಗುರುತು ಹಾಕುತ್ತಿದ್ದರು. ಒಮ್ಮೊಮ್ಮೆ ಪುಸ್ತಕ ಬಿಟ್ಟು ಕಿಟಕಿಯ ಆಚೆ ನೋಡುತ್ತಿದ್ದರು. ಮತ್ತೆ ಪುಸ್ತಕಕ್ಕೆ ಬರುವಾಗ ಎಲ್ಲಿ ನಿಲ್ಲಿಸಿದ್ದೆ ಎಂದು ಹುಡುಕುತ್ತಿದ್ದರು. ಅಂಥ ಮನುಷ್ಯ ಜಾಗ ತಪ್ಪಿಸಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಮಧುಪುರದ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಮುಂದೆ ಎರಡು ಎತ್ತಿನ ಗಾಡಿ, ಒಂದು ಬಸ್ಸು. ನಾನು ಎಂಜಿನ್ ಆರಿಸಿದೆ.

“ದಿದಿಮಣಿ,” ಎಂದರು ಅನಾದಿಬಾಬು. “ಕೋರ್ಟಲ್ಲಿ ನನ್ನನ್ನ ಏನೇನು ಕೇಳ್ತಾರೆ?”

ದಿದಿಮಣಿ ಕಣ್ಣು ಬಿಟ್ಟರು. “ನೀವು ಯಾರು ಅಂತ ಕೇಳ್ತಾರೆ. ಅಷ್ಟಾದ್ರೆ ಕೇಸೇ ಬಿತ್ತು.”

“ಶಾಲಿನ ರಕ್ತ ಎಲ್ಲಿಂದ ಬಂತು ಅಂತ ಕೇಳಲ್ವಾ?”

“ಕೇಳಬಹುದು. ಮೂಗಿಂದ ಸೋರಿತ್ತು ಅನ್ನಿ. ಚಳಿಗೆ ಎಷ್ಟೋ ಜನಕ್ಕೆ ಸೋರುತ್ತೆ.”

“ಸೋರಲಿಲ್ವಲ್ಲ.”

“ಮಾಸ್ಟರ್‌ಮಶಾಯ್...”

“ಅದು ನನ್ನ ರಕ್ತ ಅಲ್ಲ, ದಿದಿಮಣಿ.” ಅವರು ಪುಸ್ತಕ ಮುಚ್ಚಿದರು. “ರುಹಿದಾಸ್ ನನ್ನನ್ನ ಕೊಂದಿಲ್ಲ ಅಂತ ಹೇಳ್ತೀನಿ. ಸಾವಿರ ಸಲ ಹೇಳ್ತೀನಿ. ಯಾರನ್ನೂ ಕೊಂದಿಲ್ಲ ಅಂತ ಹೇಳು ಅಂದ್ರೆ ನನ್ನಿಂದಾಗಲ್ಲ.”

ದೂರದಲ್ಲಿ ರೈಲಿನ ಕೂಗು ಕೇಳಿಸಿತು. ನಾನು ಸ್ಟೇರಿಂಗ್ ಹಿಡಿದುಕೊಂಡೇ ಇದ್ದೆ. ತಿರುಗಿ ಅವರ ಬಾಯಿ ಮುಚ್ಚಿಸಬೇಕಿತ್ತು. ಟುಸುವಿನ ಹೆಸರು ಹಿಡಿದು ಕೂಗಿದ್ದರೂ ಸಾಕಿತ್ತು.

“ನೀವು ಏನು ಹೇಳ್ತಿದೀರಿ?” ಎಂದರು ದಿದಿಮಣಿ. ದನಿಯಲ್ಲಿ ಉಬ್ಬಸ ಏರಿತ್ತು.

“ಶನಿವಾರ ಸಂಜೆ. ಹೊತ್ತು ಮುಳುಗಿತ್ತು, ಬೆಳಕಿತ್ತು. ಗಡಿಯಾರ ಬಿಚ್ಚಿ ಕೈಕಾಲು ತೊಳೀತಿದ್ದೆ, ಹಾಗಾಗಿ ಗಂಟೆ ಎಷ್ಟು ಅಂತ ಹೇಳೋಕಾಗಲ್ಲ. ಒಬ್ಬ ಹುಡುಗ ಸೈಕಲ್ಲಲ್ಲಿ ಬಂದ. ಕುಡಿದಿದ್ದ. ಬಾವಿ ಹತ್ರ ಅವನಿಗೂ ರುಹಿದಾಸನಿಗೂ ಮಾತು ಬೆಳೀತು. ಅವನು ಯಾರಿಗೋ ಹೊಡೆದ ಗುರುತು ಎಲ್ಲಿದೆ ಅಂತ ತೋರಿಸೋಕೆ ರುಹಿದಾಸ್ ತನ್ನ ಮುಖದ ಮೇಲೆ ಕೈಯಾಡಿಸಿ ಏನೋ ಕೇಳ್ತಿದ್ದ, ಯಾಕೆ ಹೊಡೆದೆ, ಮುಖದ ಮೇಲೆ ಯಾಕೆ ಹೊಡೆದೆ ಅಂತ. ಹುಡುಗ ನಕ್ಕ. ರುಹಿದಾಸನ ಕೈಯಲ್ಲಿ ಕಟ್ಟಿಗೆ ಒಡೆಯೋ ಕೊಡಲಿ ಇತ್ತು. ಒಂದೇ ಏಟು. ನಾನು ಓಡಿಹೋಗಿ ಶಾಲು ಒತ್ತಿ ಹಿಡಿದೆ. ಪ್ರಯೋಜನ ಆಗಲಿಲ್ಲ.”

“ಆಮೇಲೆ?”

“ರುಹಿದಾಸ್ ನನ್ನ ಕಾಲು ಹಿಡಿದ. ಬಾಬು, ನೀವು ಹೋಗಿಬಿಡಿ, ನೀವು ಏನೂ ನೋಡಲಿಲ್ಲ ಅಂದ. ಹೋಗಿಬಿಟ್ಟೆ. ಆ ಹುಡುಗನ ಹೆಣ ಏನು ಮಾಡಿದ್ನೋ ನನಗೆ ಗೊತ್ತಿಲ್ಲ. ಶ್ರೀರಾಮಪುರದಲ್ಲಿದ್ರೆ ಪೊಲೀಸರು ಬಂದು ಕೇಳ್ತಾರೆ, ಕೇಳಿದ್ರೆ ನಾನು ಸುಳ್ಳು ಹೇಳೋಕಾಗಲ್ಲ. ದಣಿವಾಗಿತ್ತು ಅಂದೆನಲ್ಲ, ಅದು ಸುಳ್ಳಲ್ಲ. ಅರ್ಧ ಹೇಳಿದೆ, ಅಷ್ಟೇ.”

“ಯಾರು ಆ ಹುಡುಗ?”

“ಹೆಸರು ಗೊತ್ತಿಲ್ಲ. ಇಪ್ಪತ್ತೈದರ ಒಳಗೆ. ರುಹಿದಾಸ್ ಅವನನ್ನ ಅಳಿಯಾ ಅಂತ ಕರೀತಿದ್ದ.”

ರೈಲು ಬಂತು. ಗೂಡ್ಸ್ ಗಾಡಿ, ಕಲ್ಲಿದ್ದಲಿನದು. ಒಂದರ ಹಿಂದೊಂದು ಡಬ್ಬಿ ಹೋಗುತ್ತಲೇ ಇತ್ತು. ಕನ್ನಡಿಯಲ್ಲಿ ದಿದಿಮಣಿ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

ರುಹಿದಾಸನಿಗೆ ಇರುವುದು ಒಬ್ಬಳೇ ಮಗಳು. ಅವಳ ಗಂಡ ಮೇಷ್ಟ್ರು ಕಾಣೆಯಾದ ಅದೇ ಕಾರ್ತಿಕದಲ್ಲಿ ಸೂರತ್ತಿಗೆ, ಬಟ್ಟೆ ಗಿರಣಿಗೆ ಹೋದ ಎಂದು ಊರು ಹೇಳುತ್ತಿತ್ತು. ಅಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆ, ಅದಕ್ಕೇ ಕಾಗದ ಇಲ್ಲ ಎಂದೂ ಹೇಳುತ್ತಿತ್ತು. ಟುಸು ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ಧರ್ಮಶಾಲೆಯಲ್ಲಿ ಆ ಬೆಳಿಗ್ಗೆ ಕೂಡ, ಕನ್ನಡಿ ಇಲ್ಲದ್ದಕ್ಕೆ ನನ್ನ ಗಾಡಿಯ ಗಾಜಿನಲ್ಲಿ ಮುಖ ನೋಡಿಕೊಂಡು ಬೈತಲೆಗೆ ಸಿಂಧೂರ ಇಟ್ಟುಕೊಂಡಿದ್ದಳು.

ಕೊನೆಯ ಡಬ್ಬಿ ದಾಟಿತು. ಗೇಟು ಎದ್ದಿತು. ಎತ್ತಿನ ಗಾಡಿಗಳು ಹೋದವು, ಬಸ್ಸು ಹೋಯಿತು. ಹಿಂದೆ ಲಾರಿಯವನು ಹಾರ್ನ್ ಒತ್ತಿದ, ಮತ್ತೆ ಒತ್ತಿದ. ನಾನು ಎಂಜಿನ್ ಹಾಕಲಿಲ್ಲ.

ಟುಸು ಮಡಿಲಿನ ಗಂಟನ್ನು ಕಟ್ಟಿದಳು. ಗಂಟಿನ ಮೇಲೆ ಗಂಟು ಹಾಕಿ ಬಿಗಿದು ಕಾಲ ಬಳಿ ಇಟ್ಟಳು. ಆಮೇಲೆ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಅನಾದಿಬಾಬುವಿನ ಮುಖ ನೋಡಿದಳು.

“ಬಾಬು,” ಎಂದಳು, “ಅವನು ಯಾವ ಬಣ್ಣದ ಅಂಗಿ ಹಾಕಿದ್ದ?”